ಹುಸೇನನ ಗಾಗಲ್ಲು, ಮದಿನಾಬಿಯ ಚಾಳೀಸು

ಭೋಜ ಗ್ರಾಮದ ಹುಸೇನ ಜಮಾದಾರ ಐವತ್ತೊಂದನೆಯ ವಯಸ್ಸಿನಲ್ಲಿ ಒಂದು ಘನ ಪ್ರತಿಜ್ಞೆ ಮಾಡಿದ: ಇನ್ನು ಮುಂದೆ ಯಾವ ಮದುವೆಯ ವಿಡಿಯೋದಲ್ಲೂ ತನ್ನ ಮುಖ ಬಿಟ್ಟುಹೋಗಬಾರದು!

ಅದಕ್ಕೆ ಕಾರಣವಿತ್ತು. ನಿಪ್ಪಾಣಿಯ ಒಂದು ಬ್ಯಾಂಡಿನಲ್ಲಿ ಅವನು ಇಪ್ಪತ್ತೆಂಟು ವರ್ಷದಿಂದ ಕ್ಲಾರಿಯೊನೆಟ್ ಊದುತ್ತಿದ್ದ. ರಾಜ್ಯದ ಗಡಿಯ ಈಚೆಗೂ ಆಚೆಗೂ ಅವನು ಊದಿದರೆ ಕುಣಿಯದ ಬೀಗರಿರಲಿಲ್ಲ. ಆದರೆ ಸದಲಗಾದ ಒಂದು ಮದುವೆಯ ವಿಡಿಯೋ ಮೊಬೈಲಿಗೆ ಬಂದಾಗ ನೋಡುತ್ತಾನೆ, ಅರ್ಧ ಗಂಟೆಯ ಮೆರವಣಿಗೆಯಲ್ಲಿ ತುತ್ತೂರಿಯ ವಸೀಮ ಹನ್ನೊಂದು ಸಲ ಬಂದಿದ್ದಾನೆ. ಹುಸೇನನದು ಎಡ ಮೊಳಕೈ, ಒಂದೇ ಸಲ. ವಸೀಮನಲ್ಲಿದ್ದು ತನ್ನಲ್ಲಿ ಇಲ್ಲದ್ದು ಏನೆಂದು ಮತ್ತೆ ಮತ್ತೆ ಹಿಂದಕ್ಕೆ ಓಡಿಸಿ ನೋಡಿದ. ಕೊನೆಗೆ ಸಿಕ್ಕಿತು. ಗಾಗಲ್ಲು!

ಮರುದಿನವೇ ನಿಪ್ಪಾಣಿ ಬಸ್‌ಸ್ಟ್ಯಾಂಡಿನ ಎದುರು ಕೊಡೆಯ ಕೆಳಗೆ ಕೂತವನಿಂದ ಒಂದನ್ನು ಕೊಂಡ. ನೀಲಿ ಗಾಜು, ಬಂಗಾರದ ಬಣ್ಣದ ಕಡ್ಡಿ. ಕನ್ನಡಿಯಲ್ಲಿ ನೋಡಿಕೊಂಡರೆ ಹತ್ತು ವರ್ಷ ಉದುರಿಬಿದ್ದಿತ್ತು.

ಹುಸೇನನ ಮನೆತನದಲ್ಲಿ ಮೂಗಿನ ಮೇಲೆ ಗಾಜು ಏರಿದ್ದು ಇದೇ ಮೊದಲೇನಲ್ಲ. ಅವನ ಅಜ್ಜನಿಗೊಂದು ಚಾಳೀಸು ಇತ್ತು. ನಲವತ್ತು ದಾಟಿದವರ ಕನ್ನಡಕಕ್ಕೆ ಈ ಕಡೆ ಹಾಗೇ ಅನ್ನುವುದು. ಒಂದು ಕಡ್ಡಿಯ ಜಾಗದಲ್ಲಿ ನೂಲು ಕಟ್ಟಿದ್ದ ಆ ಚಾಳೀಸು ಓಣಿಗೆಲ್ಲ ಒಂದೇ. ಕಾಗದ ಓದುವವರು, ಸೂಜಿ ಪೋಣಿಸುವವರು, ಕಾಲಿನ ಮುಳ್ಳು ತೆಗೆಯುವವರು ಬಂದು ಬಂದು ಒಯ್ಯುತ್ತಿದ್ದರು. ಅಪ್ಪನ ಕಾಲಕ್ಕೆ ಅದು ಆಳಿಗೊಂದಾಯಿತು, ಆದರೆ ಫೋಟೋ ತೆಗೆಸುವಾಗ ಬಿಚ್ಚಿ ಕಿಸೆಯಲ್ಲಿಡುವ ವಸ್ತುವಾಗಿತ್ತು. ಹುಸೇನನ ಕಾಲಕ್ಕೆ ಫೋಟೋ ತೆಗೆಸುವುದಕ್ಕೇ ಹಾಕಿಕೊಳ್ಳುವ ವಸ್ತುವಾಯಿತು. ತನಗೆ ಕಾಣಲಿ ಎಂದು ಅಜ್ಜ ಹಾಕಿಕೊಂಡ. ತಾನು ಕಾಣಲಿ ಎಂದು ಮೊಮ್ಮಗ ಹಾಕಿಕೊಂಡ.

ಹಾಕಿಕೊಂಡವನು ಮನೆಯೊಳಗೂ ತೆಗೆಯಲಿಲ್ಲ. ಮನೆ ಮೊದಲೇ ಕತ್ತಲು. ಮೊದಲ ದಿನ ಹೊಸ್ತಿಲು ಎಡವಿದ. ಎರಡನೆಯ ದಿನ ಖಾರದ ಪುಡಿಯನ್ನು ಬೆಲ್ಲದ ಪುಡಿಯೆಂದು ಚಪಾತಿಗೆ ಹಚ್ಚಿಕೊಂಡು ತಿಂದ. ಕಣ್ಣಲ್ಲಿ ಧಾರಾಕಾರ ನೀರು ಬಂದರೂ ಗಾಗಲ್ಲಿನ ಹಿಂದೆ ಯಾರಿಗೂ ಕಾಣಲಿಲ್ಲವೆಂದು ಸಮಾಧಾನಪಟ್ಟ.

ಅವನ ಹೆಂಡತಿ ಮದಿನಾಬಿ ಬೀಡಿ ಕಟ್ಟುತ್ತಿದ್ದಳು. ಅವಳಿಗೆ ಐದು ವರ್ಷದಿಂದ ಹತ್ತಿರದ್ದು ನೆಟ್ಟಗೆ ಕಾಣುತ್ತಿರಲಿಲ್ಲ. ದಾರದ ತುದಿಯನ್ನು ಬೆರಳಿನಿಂದ ತಡಕಿ ಹುಡುಕುತ್ತಿದ್ದಳು. ಮೂತಿ ಸರಿಯಾಗಿ ಮಡಿಚದ ಬೀಡಿಗಳನ್ನು ಕಾರ್ಖಾನೆಯವರು ಆರಿಸಿ ಬದಿಗೆ ಒಗೆಯುತ್ತಿದ್ದರು, ಆ ರಾಶಿಯಲ್ಲಿ ಅವಳವೇ ಹೆಚ್ಚು. ಒಂದು ಚಾಳೀಸು ಕೊಡಿಸಿರೆಂದು ಗಂಡನನ್ನು ಎರಡು ಸಲ ಕೇಳಿದ್ದಳು.

"ನಿನಗ ಚಾಳೀಸ ಬಂತಂದ್ರ, ಹುಸೇನಗ ಎಷ್ಟ ವಯಸ್ಸಾತು ಅಂತ ಮಂದಿ ಲೆಕ್ಕಾ ಹಾಕ್ತಾರ" ಎಂದಿದ್ದ.

ಮೂರನೆಯ ಸಲ ಅವಳು ಕೇಳಲಿಲ್ಲ.

ಗಾಗಲ್ಲಿನ ಕೀರ್ತಿ ಬ್ಯಾಂಡಿನ ತುಂಬ ಹಬ್ಬಿತು. ಒಂದು ಮೆರವಣಿಗೆಯ ಬಿಡುವಿನಲ್ಲಿ ಎಲ್ಲರೂ ಒಬ್ಬರಾದ ಮೇಲೊಬ್ಬರು ಅದನ್ನೇ ಹಾಕಿಕೊಂಡು ಫೋಟೋ ಹೊಡೆಸಿಕೊಂಡರು. ಅವರಲ್ಲಿ ಯಾರಿಗೋ ಕಣ್ಣುಬ್ಯಾನಿ ಇತ್ತು. ನಾಲ್ಕು ದಿನದಲ್ಲಿ ಇಡೀ ಬ್ಯಾಂಡು ಕೆಂಗಣ್ಣು ಬಿಟ್ಟುಕೊಂಡು ಮದುವೆಗಳಲ್ಲಿ ಮಂಗಳವಾದ್ಯ ನುಡಿಸತೊಡಗಿತು. ಕೈಯಿಂದ ಕೈಗೆ ಹೋಗಿ ಗಾಗಲ್ಲಿನ ಕಡ್ಡಿಯೂ ಮುರಿಯಿತು. ಹುಸೇನ ಒಂದು ಅಂಗಡಿಯಿಂದ ಕಣ್ಣಿಗೆ ಹಾಕುವ ಹನಿ ಔಷಧ ತಂದ, ಪಕ್ಕದ ಅಂಗಡಿಯಿಂದ ಕಡ್ಡಿಗೆ ಹಚ್ಚುವ ಅಂಟು ತಂದ. ಎರಡೂ ಹೆಬ್ಬೆರಳಿನಷ್ಟು ದೊಡ್ಡ ಬಿಳಿ ಬಾಟಲಿ. ಕಡ್ಡಿ ಅಂಟಿಸಿಕೊಂಡು, ಎರಡನ್ನೂ ಗೋಡೆಯ ಗೂಡಿನಲ್ಲಿ ಹೊಸ ಮದುಮಕ್ಕಳ ಹಾಗೆ ಜೋಡಿಯಾಗಿ ನಿಲ್ಲಿಸಿದ.

ಮರುದಿನ ಮಧ್ಯಾಹ್ನ ಬ್ಯಾಂಡಿನ ಗಾಡಿ ಬರುವ ಹೊತ್ತಾಗಿತ್ತು. ಹುಸೇನ ಗಾಗಲ್ಲು ಏರಿಸಿಕೊಂಡೇ ಗೂಡಿಗೆ ಕೈಹಾಕಿ ಒಂದು ಬಾಟಲಿ ತೆಗೆದ, ಹೆಂಡತಿಯ ಕೈಗೆ ಕೊಟ್ಟ, ಆಮೇಲೆ ಗಾಗಲ್ಲು ಬಿಚ್ಚಿ ಕಾಟಿನ ಮೇಲೆ ಅಂಗಾತ ಮಲಗಿದ. ಮದಿನಾಬಿ ಬಾಟಲಿಯನ್ನು ಹತ್ತಿರ ಹಿಡಿದಳು, ದೂರ ಹಿಡಿದಳು. ಅಕ್ಷರಗಳು ಇರುವೆಗಳ ಸಾಲಿನ ಹಾಗೆ ಕಂಡವು.

"ಇದ ಹೌದಲ್ರೀ?" ಎಂದು ಕೇಳಿದಳು.

"ಹೌದ, ಹಾಕ ಲಗೂನ."

ಅವಳು ಬಲಗಣ್ಣಿಗೆ ಹಾಕಿದಳು.

ಹುಸೇನ ಕೂಗಿದ ಕೂಗು ಅವನ ಕ್ಲಾರಿಯೊನೆಟ್ಟಿನಿಂದ ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಹೊರಟಿರಲಿಲ್ಲ. ನೀರು ತರುವಷ್ಟರಲ್ಲಿ ರೆಪ್ಪೆಗೆ ರೆಪ್ಪೆ ಕಚ್ಚಿಕೊಂಡಿತ್ತು. ಮದಿನಾಬಿ ಒರೆಸಲು ಹೋದರೆ ಅವಳ ಬೆರಳೂ ಅವನ ಕೆನ್ನೆಗೆ ಅಂಟಿತು. ಪಕ್ಕದ ಮನೆಯ ಶಾಂತಿನಾಥ ಅವರಿಬ್ಬರನ್ನು ಹಾಗೇ ತನ್ನ ವ್ಯಾನಿನಲ್ಲಿ ಹಾಕಿಕೊಂಡು ಚಿಕ್ಕೋಡಿಯ ಕಣ್ಣಿನ ಆಸ್ಪತ್ರೆಗೆ ಓಡಿಸಿದ. ಗಂಡನ ಕೆನ್ನೆ ಹಿಡಿದುಕೊಂಡು ಹೆಂಡತಿ ವ್ಯಾನಿನಲ್ಲಿ ಹೋದದ್ದನ್ನು ದಾರಿಯಲ್ಲಿದ್ದವರೆಲ್ಲ ನಿಂತು ನೋಡಿದರು. ಆಸ್ಪತ್ರೆಯಲ್ಲಿ ಬೆರಳು ಬಿಡಿಸುವಾಗ ಕೆನ್ನೆಯ ಒಂದು ಪದರ ಚರ್ಮ ಹೋಯಿತು.

ಹೇಗಾಯಿತೆಂದು ಶಾಂತಿನಾಥ ದಾರಿಯಲ್ಲೇ ಕೇಳಿದ. ಹುಸೇನನಿಗೆ ನೋವು ಒಂದು ಕಡೆ, ಮಾನ ಒಂದು ಕಡೆ. "ಈಕಿ ನೋಡದ ಹಾಕಿದಳು" ಎಂದುಬಿಟ್ಟ. ಆಸ್ಪತ್ರೆಯಲ್ಲಿ ಡಾಕ್ಟರು ನೀಲಮ ಕೇಳಿದಾಗಲೂ ಅದನ್ನೇ ಹೇಳಿದ. ಗೂಡಿಗೆ ಕೈಹಾಕಿದ್ದು ಯಾರೆಂಬುದು ಅವನ ಹೇಳಿಕೆಯಲ್ಲಿ ಬರಲಿಲ್ಲ. ಮದಿನಾಬಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಡಾಕ್ಟರು ರೆಪ್ಪೆಕೂದಲು ಕತ್ತರಿಸಿ ಕಣ್ಣು ಬಿಡಿಸಿದರು. ಅಂಟು ಒಳಗೆ ಗೀರಿತ್ತು, ಮೊದಲೇ ಬ್ಯಾನಿ ಇದ್ದ ಕಣ್ಣಾದ್ದರಿಂದ ಗಾಯ ಕೆಟ್ಟಿತು. ಎರಡು ತಿಂಗಳು ಔಷಧವಾದ ಮೇಲೆ ಕಣ್ಣು ಉಳಿಯಿತು, ನೋಟ ಪೂರಾ ಉಳಿಯಲಿಲ್ಲ. ಗುಡ್ಡೆಯ ನಡುವೆ ಅಕ್ಕಿಕಾಳಿನಷ್ಟು ಬಿಳಿ ಕಲೆ ನಿಂತಿತು. ಆ ಕಣ್ಣಿನಿಂದ ನೋಡಿದರೆ ಅನ್ನದ ಹಬೆಯ ಆಚೆ ಲೋಕವಿದ್ದ ಹಾಗೆ. ಇನ್ನು ಬಿಸಿಲಿಗೆ ಹೋಗುವಾಗ ಕಪ್ಪು ಕನ್ನಡಕ ಹಾಕಲೇಬೇಕೆಂದು ಡಾಕ್ಟರು ಚೀಟಿಯಲ್ಲೇ ಬರೆದುಕೊಟ್ಟರು.

ಆ ಚೀಟಿ ಬರೆದ ದಿನವೇ ಅವರು ಮದಿನಾಬಿಯ ಕೈಗೂ ಒಂದು ಬಾಟಲಿ ಕೊಟ್ಟು ಓದಲು ಹೇಳಿದರು. ಅವಳು ಅದನ್ನು ತಿರುಗಾಮುರುಗಾ ಹಿಡಿದು ವಾಪಸು ಕೊಟ್ಟಳು. ಎಷ್ಟು ದಿನದಿಂದ ಹೀಗೆ ಎಂದರೆ ಐದು ವರ್ಷ ಎಂದಳು. ಯಾಕೆ ತೋರಿಸಲಿಲ್ಲ ಎಂದರೆ, "ಪುರಸೊತ್ತ ಆಗ್ಲಿಲ್ರಿ" ಎಂದಳು. ಹುಸೇನ ಗೋಡೆಯ ಕಡೆ ತಿರುಗಿ ಕೂತ.

ಊರಿನಲ್ಲಿ ಸುದ್ದಿ ಅಂಟು ಬಿದ್ದ ದಿನವೇ ಬಂದು ಕೂತಿತ್ತು. ಗಂಡನ ಕಣ್ಣಿಗೆ ಅಂಟು ಹಾಕಿದವಳು ಎಂದು ಮದಿನಾಬಿಯನ್ನು ಗುರುತಿಸತೊಡಗಿದರು. ಸಿದರಾಯನ ಚಹಾದ ಅಂಗಡಿಯಲ್ಲಿ, ಗಂಡ ಯಾರನ್ನೂ ನೋಡಬಾರದೆಂದೇ ಹಾಕಿರಬೇಕು ಎಂದು ಒಬ್ಬ ಅಂದ. ಎಲ್ಲರೂ ನಕ್ಕರು. ಹುಸೇನನೂ ನಕ್ಕ.

ಓಣಿಯ ರಾಮವ್ವ ದಿನವೂ ಮೊಮ್ಮಗಳನ್ನು ಎತ್ತಿಕೊಂಡು ಬಂದು ಮದಿನಾಬಿಯ ಕೈಯಿಂದ ಕಾಡಿಗೆ ಹಚ್ಚಿಸಿಕೊಂಡು ಹೋಗುತ್ತಿದ್ದಳು. ಈ ಕೈ ತಣ್ಣಗಿನ ಕೈ ಎಂದು ಅವಳ ನಂಬಿಕೆ. ಈಗ ಕೂಸಿನ ಕಣ್ಣಿಗೆ ಸೆರಗು ಮುಚ್ಚಿಕೊಂಡು ಬಾಗಿಲ ಮುಂದೆ ಬಿರಬಿರನೆ ದಾಟಿಹೋದಳು. ಮದಿನಾಬಿ ಕಾಡಿಗೆ ಡಬ್ಬಿಯ ಮುಚ್ಚಳ ಹಾಕಿ ಒಳಗಿಟ್ಟಳು. ಅಂದು ಹುಸೇನನಿಗೆ ಊಟ ಸೇರಲಿಲ್ಲ.

ಮರುವಾರ ಅವನೇ ಅವಳನ್ನು ನಿಪ್ಪಾಣಿಯ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದ. ಅಂಗಡಿಯವನು ಈಗಿನ ಫ್ಯಾಶನ್ನು ಎಂದು ಬಣ್ಣಬಣ್ಣದ ಚೌಕಟ್ಟು ಹರವಿದ. ಅವಳು ಜಾರದೇ ನಿಲ್ಲುವುದು ಯಾವುದು ಎಂದಷ್ಟೇ ಕೇಳಿದಳು. ಗಾಜು ಸಿದ್ಧವಾದ ದಿನ ಹಾಕಿಕೊಂಡು ಮೊದಲು ತನ್ನ ಬೆರಳು ನೋಡಿಕೊಂಡಳು, ಆಮೇಲೆ ಗಂಡನ ಮುಖ ಹತ್ತಿರಕ್ಕೆ ಎಳೆದು ಆ ಬಿಳಿ ಕಲೆಯನ್ನು ಬಹಳ ಹೊತ್ತು ನೋಡಿದಳು.

ಹುಸೇನನಿಗೆ ತಡೆಯಲಾಗಲಿಲ್ಲ. "ಬಾಟ್ಲಿ ತಗದ ಕೊಟ್ಟಾಂವ ನಾನ ಇದ್ದೆ, ಮದಿನಾ. ನೀ ಕೇಳಿದಿ. ಹೌದ ಅಂತ ನಾನ ಅಂದೆ."

"ಗೊತ್ತೈತ್ರಿ" ಎಂದಳು ಅವಳು. "ನನಗ ಕಣ್ಣ ಕಾಣತಿದ್ದಿಲ್ಲ. ಕಿವಿ ಕೇಳತಿದ್ವು."

ಕನ್ನಡಕ ಸರಿಮಾಡಿಕೊಂಡು, "ಇದನ್ನ ನನಗ ಹೇಳಿ ಏನ ಬಂತು? ಹೇಳೂದಿದ್ರ ಊರಾಗ ಹೇಳ್ರಿ" ಎಂದಳು.

ಅಂದು ಸಂಜೆಯೇ ಹುಸೇನ ಸಿದರಾಯನ ಅಂಗಡಿಗೆ ಹೋದ. ಜನ ತುಂಬಿದ್ದಾಗಲೇ ಎದ್ದುನಿಂತ. ಬಾಟಲಿ ತೆಗೆದದ್ದು, ಗಾಗಲ್ಲು ಹಾಕಿಕೊಂಡಿದ್ದದ್ದು, ಅವಳು ಕೇಳಿದ್ದು, ತಾನು ಹೌದೆಂದದ್ದು, ಆಮೇಲೆ ಸುಳ್ಳು ಹೇಳಿದ್ದು, ಐದು ವರ್ಷ ಚಾಳೀಸು ಕೊಡಿಸದೇ ಇದ್ದದ್ದು, ಒಂದನ್ನೂ ಬಿಡದೆ ಹೇಳಿದ. ಹೇಳುವಾಗ ಅವನ ಕೆಟ್ಟ ಕಣ್ಣಿನಿಂದಲೂ ನೀರು ಬಂತು.

ಯಾರೂ ನಗಲಿಲ್ಲ. ಶಾಂತಿನಾಥ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟ.

"ಕಣ್ಣ ಕಳಕೊಂಡರೂ ಹೆಂಡ್ತಿ ತಪ್ಪ ತನ್ನ ಮೈಮ್ಯಾಲ ಹಾಕೋಳಾಕತ್ತಾನ, ನೋಡ್ರಿ. ಇಂಥಾ ಗಂಡ ಸಿಗಾಕ ಆಕಿ ಪುಣ್ಯಾ ಮಾಡಿರಬೇಕ."

ಹೌದು ಹೌದು ಎಂದರು ಎಲ್ಲರೂ. ಹುಸೇನ ಆಣೆ ಮಾಡಿ ಹೇಳಿದ. ಆಣೆ ಮಾಡಿದಷ್ಟೂ ಅವನು ದೊಡ್ಡವನಾಗುತ್ತ ಹೋದ. ಮೂಲೆಯಲ್ಲಿದ್ದ ಒಬ್ಬ ಮೊಬೈಲು ಎತ್ತಿ ಅವನ ಪೂರ್ತಿ ಮುಖ ಬರುವ ಹಾಗೆ ವಿಡಿಯೋ ಮಾಡಿಕೊಂಡ.

ಮನೆಗೆ ಬಂದಾಗ ಮದಿನಾಬಿ ಬೀಡಿಯ ಎಲೆ ಕತ್ತರಿಸುತ್ತಿದ್ದಳು. ಹೇಳಿದಿರಾ ಎಂದು ಕೇಳಿದಳು. ಹೇಳಿದೆ ಎಂದ. "ಮಂದಿ ಏನಂದ್ರು?"

ಹುಸೇನ ಬಾಗಿಲಲ್ಲೇ ನಿಂತ. ಅವಳು ಕತ್ತರಿ ಕೆಳಗಿಟ್ಟು, ಮುಖ ಎತ್ತಿ, ಕನ್ನಡಕದೊಳಗಿಂದ ಅವನನ್ನು ನೋಡಿದಳು.

"ಹೇಳಬ್ಯಾಡ್ರಿ" ಎಂದಳು. "ಕಾಣಾಕತ್ತೈತಿ."