ಕಾಯಿಲೆ ನನ್ನದು, ಪಥ್ಯ ಅವರದು

ನಮ್ಮ ಮನೆಯವರು ನನ್ನ ಕಾಯಿಲೆಗೆ ಹತ್ತು ವರ್ಷ ತಾವು ಪಥ್ಯ ಮಾಡಿದರು ಎಂದರೆ ನೀವು ನಂಬಲಿಕ್ಕಿಲ್ಲ. ಹುಣ್ಣು ಇದ್ದದ್ದು ನನ್ನ ಹೊಟ್ಟೆಯಲ್ಲಿ, ಮೆತ್ತಗಿನ ಅನ್ನ ಉಂಡು ಮುಖ ಸಪ್ಪಗೆ ಮಾಡಿಕೊಂಡದ್ದು ಅವರು! ಊರಿನವರು ಕನಿಕರ ತೋರಿಸಿದ್ದೂ ಅವರಿಗೇ. ಇಂಥ ಲೆಕ್ಕ ಎಲ್ಲಾದರೂ ಉಂಟೇ?

ಅವರು ಸುಂಟಿಕೊಪ್ಪದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಬೆಳಿಗ್ಗೆ ಕೆಲಸದವರ ಹಾಜರಿ ಬರೆಯುವುದು, ಸಂಜೆ ಹಣ್ಣಿನ ಚೀಲ ತೂಗಿಸುವುದು ಅವರ ಕೆಲಸ. ಮನೆ ಎಸ್ಟೇಟಿನೊಳಗೇ ಇದ್ದರೂ ಊಟಕ್ಕೆ ಬರುವಾಗ ಮೂರು ಗಂಟೆ. ಗಂಡ ಉಣ್ಣದೆ ಹೆಂಡತಿ ಉಣ್ಣಬಾರದು ಎಂದು ನನ್ನ ಅವ್ವ ಕಲಿಸಿ ಕಳಿಸಿದ್ದಳು. ಹಾಗಾಗಿ ನನ್ನ ಊಟವೂ ಮೂರರ ಮೇಲೆಯೇ. ಅಲ್ಲಿಯವರೆಗೆ ಕಾಫಿ. ಮಂಡಿನೋವು ಬಂದರೆ ಖಾಲಿ ಹೊಟ್ಟೆಗೇ ಒಂದು ಮಾತ್ರೆ, ಮೇಲೆ ಇನ್ನೊಂದು ಕಾಫಿ. ಕೊನೆಗೆ ಒಂದು ದಿನ ಬಚ್ಚಲಲ್ಲಿ ರಕ್ತ ವಾಂತಿಯಾಯಿತು. ಮಡಿಕೇರಿಯ ಆಸ್ಪತ್ರೆಯಲ್ಲಿ ಎಂಟು ದಿನ ಮಲಗಿದೆ.

ಬಿಡುವಾಗ ಡಾಕ್ಟರು ಹೇಳಿದರು: "ಹೊಟ್ಟೆ ಕೆರಳಿದ ಮೇಲೆ ಔಷಧಿ ನಾನು ಕೊಡ್ತೇನೆ. ಕೆರಳದ ಹಾಗೆ ನೋಡ್ಕೊಳ್ಳೋದು ದಿನಾ ಮನೆಯಲ್ಲೇ ಆಗ್ಬೇಕು. ಹೊತ್ತಿಗೆ ಸರಿಯಾಗಿ ಸ್ವಲ್ಪ ಸ್ವಲ್ಪ ತಿನ್ನಿ, ಚೆನ್ನಾಗಿ ಅಗೀರಿ, ಖಾಲಿ ಹೊಟ್ಟೆಗೆ ಕಾಫಿ ಬೇಡ, ನನ್ನ ಕೇಳದೆ ನೋವಿನ ಮಾತ್ರೆ ಮುಟ್ಟಬೇಡಿ, ಉಂಡ ಕೂಡ್ಲೆ ಮಲಗಬೇಡಿ. ಇನ್ನೊಂದು ಸಲ ಹೀಗಾದ್ರೆ ಕಷ್ಟ."

ನಾನು ತಲೆಯಾಡಿಸಿದೆ. ಮನೆಗೆ ಬಂದು ಮತ್ತೆ ಮೂರು ಗಂಟೆಗೇ ಉಂಡೆ.

ನಾಲ್ಕು ದಿನ ಅವರು ಬೈದರು. "ನೀನು ಉಣ್ಣೇ ಮಾರಾಯ್ತಿ, ನನ್ನ ಕಾಯ್ಬೇಡ!" ನಾನು ಹೂಂ ಅಂದೆ, ಕಾದೆ. ಐದನೆಯ ದಿನ ಒಂದು ಗಂಟೆಗೆ ಸರಿಯಾಗಿ ಅವರೇ ಬಂದು ಮಣೆ ಹಾಕಿಕೊಂಡು ಕುಳಿತರು. "ಇವತ್ತಿಂದ ನಂಗೂ ಪಥ್ಯ. ಬಡಿಸು. ಬಡಿಸಿ ನೀನೂ ಕೂತ್ಕೊ." ಖಾರ ಹಾಕಿದ ಸಾರು ಬೇರೆ ಮಾಡಲೇ ಎಂದು ಕೇಳಿದೆ. "ಎರಡು ಸಾರು ಮಾಡ್ತಾ ನಿಂತ್ರೆ ನೀನು ಉಣ್ಣೋದು ಯಾವಾಗ?" ಎಂದರು. ನಾನೂ ತಟ್ಟೆ ಹಾಕಿಕೊಂಡು ಕುಳಿತೆ.

ಕಾಯಿಲೆ ನನ್ನದು ಅಂತ ಯಾರಿಗೂ ಹೇಳಬೇಡಿ ಎಂದು ನಾನೇ ಕೇಳಿಕೊಂಡಿದ್ದೆ. ಹೆಂಗಸಿಗೆ ಕಾಯಿಲೆ ಎಂದರೆ ಜನ ಕೇಳುವ ಪ್ರಶ್ನೆಗಳೇ ಬೇರೆ. "ಆಯ್ತು, ನಂದೇ ಅಂತೇನೆ. ಆಸ್ಪತ್ರೆಯ ಎಂಟು ದಿನ ನೀನು ತವರಲ್ಲಿದ್ದೆ ಅಂದ್ರಾಯ್ತು" ಎಂದರು. ಅಂದದ್ದು ಮಾತ್ರವಲ್ಲ, ಅದನ್ನೊಂದು ಉದ್ಯೋಗ ಮಾಡಿಕೊಂಡರು!

ಎಸ್ಟೇಟಿನ ಮನುಷ್ಯನಿಗೆ ಗಂಟೆ ಹೊಡೆಯದೆ ಯಾವ ಕೆಲಸವೂ ಶುರುವಾಗುವುದಿಲ್ಲ. ಅವರು ಗೋದಾಮಿನಿಂದ ಹಳೆಯ ಕಬ್ಬಿಣದ ತುಂಡೊಂದನ್ನು ತಂದು ಅಡುಗೆಮನೆಯ ಹಿಂದೆ ತೂಗುಹಾಕಿದರು. ದಿನಕ್ಕೆ ಐದು ಸಲ ಡಣ್ ಡಣ್. ನಾನು ತರಕಾರಿ ಪಾತಿಯಲ್ಲಿದ್ದರೂ ಕೈ ತೊಳೆದು ಬರಬೇಕು. ಕಾಫಿ ಹಣ್ಣಿನ ಪಿಕ್ಕಿಂಗ್ ಶುರುವಾದ ವಾರ ಅವರು ಮೂರೂವರೆಗೆ ತಿಂಡಿಯ ಗಂಟೆ ಹೊಡೆದರು. ಕೆಳಗಿನ ತೋಟದಲ್ಲಿ ಹಣ್ಣು ಕೊಯ್ಯುತ್ತಿದ್ದವರು ಕೆಲಸ ಮುಗಿಯಿತೆಂದು ಚೀಲ ಹೊತ್ತು ಸಾಲಾಗಿ ಕಣಕ್ಕೆ ಬಂದುಬಿಟ್ಟರು! ಹಿಂದೆಯೇ ಮ್ಯಾನೇಜರರ ಜೀಪು.

"ಯಾರ್ರೀ ಗಂಟೆ ಹೊಡೆದದ್ದು?"

"ನಾನೇ ಸಾರ್. ಅವಲಕ್ಕಿ ತಿನ್ನೋಕೆ."

"ಇಡೀ ಎಸ್ಟೇಟಿಗಾ?"

ಕೆಲಸದವರ ಲೈನ್ ಮನೆಯ ಸೆಲ್ವಿ ಚೀಲ ಇಳಿಸಿ ನಕ್ಕಳು. "ಬೈಯ್ಬೇಡಿ ದೊರೆ. ರೈಟರಯ್ಯಂಗೆ ದಿನಾ ಅರ್ಧ ಗಂಟೆ ಮುಂಚೆ ಹಸಿವಾಗ್ಲಿ. ನಮ್ಗೂ ಪುಣ್ಯ!"

ಅಂದಿನಿಂದ ಕಬ್ಬಿಣ ಹೋಗಿ ಸ್ಟೀಲ್ ತಟ್ಟೆ ಬಂತು. ಸದ್ದು ಕಡಿಮೆ, ಶಿಸ್ತು ಅಷ್ಟೇ.

ಕೊಡಗಿನಲ್ಲಿ ಯಾರ ಮನೆಗೆ ಹೋದರೂ ಮೊದಲು ಕಾಫಿ ಬರುತ್ತದೆ, ಆಮೇಲೆ ಮಾತು. ಬೇಡ ಎಂದರೆ ಕೊಟ್ಟವರಿಗೆ ಬೇಸರ. ಇವರು ಹೊಟ್ಟೆ ಹಿಡಿದುಕೊಂಡು, "ನಂಗಾಗಲ್ಲಮ್ಮ, ಹುಣ್ಣು. ನಾನು ಕುಡೀದಿದ್ರೆ ಇವಳೂ ಕುಡಿಯಲ್ಲ" ಎನ್ನುತ್ತಿದ್ದರು. ನೆಲ್ಯಹುದಿಕೇರಿಯ ಒಬ್ಬ ಅಜ್ಜಿ ನನ್ನ ಗಲ್ಲ ಸವರಿ, "ಗಂಡನಿಗಾಗಿ ಕಾಫಿ ಬಿಟ್ಟವಳನ್ನ ಇವತ್ತೇ ನೋಡಿದ್ದು" ಎಂದು ಕಣ್ಣೊರೆಸಿಕೊಂಡರು. ಹೊರಗೆ ಬಂದ ಮೇಲೆ ಇವರು ಹೇಳಿದರು, "ನೋಡ್ದ್ಯಾ, ಹುಣ್ಣು ನಿಂದು, ಹೊಗಳಿಕೆನೂ ನಿಂದೇ!"

ಸಿದ್ದಾಪುರದ ಮದುವೆಯನ್ನಂತೂ ನೆನೆದರೆ ಈಗಲೂ ನಾಚಿಕೆ. ಮುಹೂರ್ತ ತಡವಾಗಿ ಊಟದ ಸುದ್ದಿಯೇ ಇರಲಿಲ್ಲ. ಒಂದು ಗಂಟೆಯಾಯಿತು. ಎರಡನೆಯ ಸಾಲಿನಲ್ಲಿ ಕುಳಿತಿದ್ದ ಇವರು ಚೀಲದಿಂದ ಡಬ್ಬಿ ತೆಗೆದು ಅನ್ನ ಮಜ್ಜಿಗೆ ಕಲಸತೊಡಗಿದರು. ಅತ್ತ ಮಾಂಗಲ್ಯಧಾರಣೆ, ಇತ್ತ ಅವರಿಗೊಂದು, ನನಗೊಂದು ಚಮಚ! ಹುಡುಗಿಯ ಅಪ್ಪ ಓಡಿ ಬಂದರು. "ಏನ್ ರೈಟ್ರೇ, ನಮ್ಮೂಟ ಸೇರಲ್ವಾ?" "ಅದಕ್ಕೂ ಕೂರ್ತೀವಿ ಮಾರಾಯ್ರೇ. ಇದು ಒಂದು ಗಂಟೆದು." ಕೂತರು ಕೂಡ. ಒಂದೊಂದು ತುತ್ತನ್ನೂ ಅವರು ಅಗಿದು ಮುಗಿಸುವಷ್ಟರಲ್ಲಿ ಪಂಕ್ತಿ ಎದ್ದು, ಎಲೆ ಎತ್ತುವವನು ಬಂದು ನಿಂತು, ಬೇಸತ್ತು ಪಕ್ಕದ ಕುರ್ಚಿಯಲ್ಲಿ ಕುಳಿತುಬಿಟ್ಟ.

ಉಂಡ ಮೇಲೆ ನಡಿಗೆ. ಸಂಜೆಯಾದರೆ ನಮ್ಮ ಕಡೆ ಆನೆಯ ಭಯ, ಹಾಗಾಗಿ ಜಗುಲಿಯಲ್ಲೇ ಆ ತುದಿಯಿಂದ ಈ ತುದಿಗೆ. ಆನೆ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದ್ದೆ. "ಓಡೋದು! ಇನ್ನೂ ಚೆನ್ನಾಗಿ ಜೀರ್ಣ ಆಗ್ತದೆ" ಎಂದರು.

ಹಾಸ್ಯ ಇರಲಿ, ಆ ಹತ್ತು ವರ್ಷ ನನ್ನ ಹೊಟ್ಟೆ ಮತ್ತೆ ಕೆರಳಲಿಲ್ಲ. ಪ್ರತಿ ಸಲ ತೋರಿಸಲು ಹೋದಾಗಲೂ ಡಾಕ್ಟರು ಚೀಟಿ ನೋಡಿ, "ಹೀಗೇ ಇರಿ" ಎನ್ನುತ್ತಿದ್ದರು. ಇವರು ಪರೀಕ್ಷೆಯಲ್ಲಿ ತಾವೇ ಪಾಸಾದಂತೆ ಅಂಗಿ ಸರಿಮಾಡಿಕೊಳ್ಳುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಅವರು ಹೋದರು. ಎದೆನೋವು ಎಂದರು, ಕುಶಾಲನಗರದ ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು.

ಹನ್ನೊಂದನೆಯ ದಿನ ಎಡೆ ಇಡಬೇಕು. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಬಡಿಸುವುದು ನಮ್ಮಲ್ಲಿ ವಾಡಿಕೆ. ನಾದಿನಿ ತಾನೇ ಮುಂದೆ ನಿಂತು ಮಾಡಿದಳು. ಮೆತ್ತಗಿನ ಅನ್ನ, ಬೂದುಗುಂಬಳದ ಸಪ್ಪೆ ಪಲ್ಯ, ನೀರು ಮಜ್ಜಿಗೆ. "ಅಣ್ಣನಿಗೆ ಇದಂದ್ರೆ ಪ್ರಾಣ" ಎಂದು ಎಲ್ಲರಿಗೂ ಹೇಳಿದಳು.

ನಾನು ಎದ್ದು ಒಲೆಗೆ ಬಾಣಲೆ ಇಟ್ಟೆ. ಉದ್ದ ಮೆಣಸಿನಕಾಯಿ ಸೀಳಿ ಕಡಲೆಹಿಟ್ಟಿನಲ್ಲಿ ಅದ್ದಿ ಬಜ್ಜಿ ಕರಿದೆ.

"ಅತ್ತಿಗೆ, ಏನ್ ಮಾಡ್ತಿದ್ದೀರಾ? ಅಣ್ಣಂಗೆ ಖಾರ ಆಗ್ತಿರ್ಲಿಲ್ಲ ಅಲ್ವಾ, ಹುಣ್ಣಿತ್ತಲ್ಲ!"

"ಹುಣ್ಣು ಇದ್ದದ್ದು ನಂಗೆ" ಎಂದೆ.

ಇನ್ನೊಂದು ಬಜ್ಜಿ ಎಣ್ಣೆಗೆ ಬಿಟ್ಟೆ. ಮದುವೆಯಾದ ಹೊಸದರಲ್ಲಿ ಬಸ್ ನಿಲ್ದಾಣದ ಹತ್ತಿರ ಆ ಬಜ್ಜಿ ತಿಂದು, ಬೆವರು ಒರೆಸಿಕೊಂಡು, ಮೂಗು ಸೀಟಿಕೊಂಡು, ಇನ್ನೊಂದು ಪ್ಲೇಟ್ ಹೇಳುತ್ತಿದ್ದ ಮನುಷ್ಯ ಅವರು. ಹತ್ತು ವರ್ಷದಲ್ಲಿ ಒಂದು ದಿನವೂ ಅದರ ಹೆಸರೆತ್ತಲಿಲ್ಲ.

ಬಿಸಿ ಬಿಸಿಯಾಗಿ ಆರು ಬಜ್ಜಿ ತಂದು ಅವರ ಫೋಟೋದ ಮುಂದಿನ ಎಲೆಗೆ ಹಾಕಿದೆ. ಸಪ್ಪೆ ಪಲ್ಯವನ್ನೂ ಮೆತ್ತಗಿನ ಅನ್ನವನ್ನೂ ಆ ಎಲೆಯಿಂದ ತೆಗೆದು ನನ್ನ ತಟ್ಟೆಗೆ ಹಾಕಿಕೊಂಡು, ಅವರ ಎದುರಿಗೇ ಊಟಕ್ಕೆ ಕುಳಿತೆ.