ಹಾರ್ಮೋನಿಯಂ ಒಳಗಿನ ಕರು

ನನ್ನ ಸೋದರಮಾವನ ಹಾರ್ಮೋನಿಯಂ ಕೇಳಿ ಸತ್ತವರು ಎದ್ದು ಬಂದದ್ದು ಇದುವರೆಗೆ ಇಲ್ಲ. ಉಣ್ಣಲು ಕೂತವರು ಎದ್ದು ಹೋದದ್ದು ಮಾತ್ರ ಉಂಟು! ಇವನಷ್ಟು ಹಿಂಸೆ ಕೊಟ್ಟ ಅಹಿಂಸಾವಾದಿ ಮಧುರೆ ಹೋಬಳಿಯಲ್ಲೇ ಇನ್ನೊಬ್ಬನಿಲ್ಲ ಎಂದು ಬೇಕಾದರೆ ಬರೆದು ಕೊಡುತ್ತೇನೆ.

ಮಾವ ಊರೂರು ತಿರುಗಿ ಪೌರಾಣಿಕ ನಾಟಕ ಕಲಿಸುವ ಡ್ರಾಮಾ ಮೇಷ್ಟ್ರು. ನಾಟಕ ಮುಗಿದ ಬೆಳಿಗ್ಗೆ ತಲೆಮಾಂಸದ ಸಾರಿಗೆ ಎರಡು ಮುದ್ದೆ ಮುರಿಯುತ್ತಿದ್ದ ಮನುಷ್ಯ. ಐದು ವರ್ಷದ ಹಿಂದೆ ಹಾರ್ಮೋನಿಯಂನ ತಿದಿ ಹರಿಯಿತೆಂದು ತಾನೇ ಬಿಚ್ಚಿ ಕೂತ. ಒಳಗೆ ತೊಗಲು. ಅದರ ಅಂಚಿನಲ್ಲಿ ನಾಲ್ಕೈದು ಕೂದಲು ಇನ್ನೂ ಹಾಗೇ ಇದ್ದವಂತೆ!

"ಇಷ್ಟು ವರ್ಷ ಇದರಲ್ಲಿ ಉಸಿರಾಡ್ತಿದ್ದದ್ದು ಒಂದು ಮೇಕೆ ಕಣೋ ಅಳಿಯ" ಎಂದ. ಅವತ್ತೇ ಮಾಂಸ ನಿಂತಿತು. ವಾರದೊಳಗೆ ಹಾಲು, ಮೊಸರು, ತುಪ್ಪ, ಜೇನು ನಿಂತವು. ಸನ್ಮಾನದಲ್ಲಿ ಬಂದ ರೇಷ್ಮೆ ಶಾಲುಗಳನ್ನೆಲ್ಲ ವಾಪಸ್ಸು ಕೊಟ್ಟು ಬಂದ. ಆ ತೊಗಲಿಗೆ ಅರಿಶಿನ ಕುಂಕುಮ ಇಟ್ಟು ಬಾವಿ ಪಕ್ಕದಲ್ಲಿ ಹೂತ. ಅತ್ತೆ ಆ ಕಡೆ ನೀರಿಗೆ ಹೋಗುವುದನ್ನೇ ಬಿಟ್ಟರು.

ತೊಗಲಿನ ಬದಲಿಗೆ ಫ್ಲೆಕ್ಸ್ ಹೊಲಿದು ಕೂರಿಸಿದ. ಯಾವ ಫ್ಲೆಕ್ಸು? ಯಾರೋ ಪುಢಾರಿಯ ಹುಟ್ಟುಹಬ್ಬದ್ದು! ಮಾವ ತಿದಿ ಎಳೆದಾಗ ಆ ಮುಖ ಬಿಚ್ಚಿಕೊಂಡು ನಗುತ್ತಿತ್ತು, ಒತ್ತಿದಾಗ ಕೆನ್ನೆ ಒಳಕ್ಕೆ ಹೋಗಿ ಹೆಣದ ಕಳೆ ಬರುತ್ತಿತ್ತು. ಸಾಲದ್ದಕ್ಕೆ, ಸ್ವರ ಹೊರಡುವ ಮೊದಲು ಯಾರೋ ಬೆನ್ನ ಹಿಂದೆ ನಿಂತು ಉಸಿರು ಬಿಟ್ಟ ಹಾಗೆ ಒಂದು ಸದ್ದು. ನಾನಂತೂ ಎಷ್ಟೋ ಸಲ ತಿರುಗಿ ನೋಡಿದ್ದೇನೆ.

ಆಮೇಲೆ ಹಿಡಿಯಿತು ಪ್ರಾಣಿಗಳ ಶ್ರುತಿ ಹುಡುಕುವ ಹುಚ್ಚು. ಕಂಡವರ ಕೊಟ್ಟಿಗೆಯಲ್ಲಿ ಹಾರ್ಮೋನಿಯಂ ಪೆಟ್ಟಿಗೆ ಇಟ್ಟುಕೊಂಡು ಗಂಟೆಗಟ್ಟಲೆ ಕೂರುವುದು. "ನಿಮ್ಮೆಮ್ಮೆ ಕಪ್ಪು ಎರಡು ಕಣಮ್ಮ, ಜೋಪಾನ" ಎಂದು ಹೇಳಿ ಬರುವುದು. ಪಾಪ, ಆ ಹೆಂಗಸಿಗೆ ಹಾರ್ಮೋನಿಯಂನ ಕಪ್ಪು ಬಿಳಿ ಮನೆಗಳ ಲೆಕ್ಕ ಏನು ಗೊತ್ತು? ಅದೇನೋ ಹೊಸ ರೋಗವೆಂದು ದನದ ಡಾಕ್ಟರಿಗೆ ಫೋನ್ ಮಾಡಿದಳು! ನಗಬೇಡಿ. ಮಾವ ಎರಡು ಮನೆ ಒಟ್ಟಿಗೆ ಒತ್ತಿ ತಿದಿಯನ್ನು ಸಣ್ಣಗೆ ನಡುಗಿಸಿದರೆ ಆ ಎಮ್ಮೆಯೇ ಬಂದು ನಿಲ್ಲುತ್ತಿತ್ತು. ಎಮ್ಮೆಯ ಹಾಗಿನ ಸದ್ದಲ್ಲ, ಅದೇ ಎಮ್ಮೆ.

ನನ್ನ ಮದುವೆಯ ಬೀಗರೂಟ ದೊಡ್ಡಬಳ್ಳಾಪುರದ ಛತ್ರದಲ್ಲಿ. ಎಲೆ ತುಂಬ ಕುರಿ ಮಾಂಸ ಬಿದ್ದಿದೆ. "ಮೇಷ್ಟ್ರು ಏನಾದ್ರೂ ನುಡಿಸ್ಲಿ" ಎಂದು ನನ್ನ ಹೆಂಡತಿಯ ಅಪ್ಪನೇ ಕೇಳಿಕೊಂಡರು. ಬೇಡ ಎಂದು ನಾನು ಕಣ್ಸನ್ನೆ ಮಾಡುವಷ್ಟರಲ್ಲಿ ಆ ಉಸಿರು ಕೇಳಿಸಿತು. ಹಿಂದೆಯೇ ಒಂದು ಕುರಿ ಕೂಗಿತು. ಹಿಂದಿನ ದಿನ ಛತ್ರದ ಹಿತ್ತಲಲ್ಲಿ ಕಟ್ಟಿದ್ದ, ಮಾವ ಗಂಟೆಗಟ್ಟಲೆ ಮುಂದೆ ಕೂತಿದ್ದ, ಕಿವಿ ಹರಿದ ಕುರಿಯ ದನಿ.

"ಯಾರ್ಲಾ ಅದು ಕುರಿ ಕಟ್ಟಿರೋದು? ನೀರು ಕುಡಿಸ್ರೋ!" ಎಂದು ಒಬ್ಬ ಅಜ್ಜಿ ಗದರಿದರು.

ಕುರಿ ಹಿತ್ತಲಲ್ಲಿಲ್ಲ, ಎಲೆಯ ಮೇಲಿದೆ ಎಂದು ಪಂಕ್ತಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಮುನ್ನೂರು ಜನರ ದವಡೆ ಒಟ್ಟಿಗೆ ನಿಂತರೆ ಛತ್ರ ಹೇಗಿರುತ್ತದೆ ಗೊತ್ತೇ? ಫ್ಯಾನಿನ ಸದ್ದು ಮಾತ್ರ ಇತ್ತು. ನಮ್ಮ ಬೀಗರು ಇವತ್ತಿಗೂ ನಮ್ಮ ಮನೆಯಲ್ಲಿ "ಮೇಷ್ಟ್ರು ಊರಲ್ಲಿದಾರಾ?" ಎಂದು ವಿಚಾರಿಸಿಯೇ ಎಲೆ ಮುಂದೆ ಕೂರುವುದು.

ಹೋದ ವರ್ಷ ನಮ್ಮಮ್ಮನ ಹಸು ಗಂಡುಕರು ಹಾಕಿತು. ಕರು ಹನ್ನೊಂದು ದಿನ ಬದುಕಿತು. ಅಷ್ಟೂ ದಿನ ಮಾವ ಪೆಟ್ಟಿಗೆ ಹೊತ್ತು ಬಂದು ಅದರ ಮುಂದೆ ಕೂತಿದ್ದ. ಕರು ಸತ್ತ ಮೇಲೆ ಹಸು ಹಾಲು ಇಳಿಸಲಿಲ್ಲ. ಅಮ್ಮ ನಮ್ಮ ಕಡೆಯ ಹಳೇ ಪದ್ಧತಿಯಂತೆ ಆ ಕರುವಿನ ತೊಗಲಿಗೆ ಹುಲ್ಲು ತುಂಬಿಸಿ, ನಾಲ್ಕು ಕೋಲಿನ ಮೇಲೆ ನಿಲ್ಲಿಸಿ, ಹಸುವಿನ ಮುಂದೆ ಕಟ್ಟಿಸಿದಳು. ಕಣ್ಣಿದ್ದ ಕಡೆ ತೂತು, ತೂತಿನಲ್ಲಿ ಹುಲ್ಲು. ಹಸು ಅದನ್ನೇ ನೆಕ್ಕುತ್ತ ಹಾಲು ಕೊಟ್ಟಿತು. ನೆಕ್ಕಿ ನೆಕ್ಕಿ ಕತ್ತಿನ ಕೂದಲೆಲ್ಲ ಉದುರಿತ್ತು.

ಒಂದು ವಾರ ನಾಟಕಕ್ಕೆಂದು ನೆಲಮಂಗಲದ ಕಡೆ ಹೋಗಿದ್ದ ಮಾವ ಬಂದು ಅದನ್ನು ನೋಡಿದ.

"ಸತ್ತ ಮಗೂನ ತೋರ್ಸಿ ತಾಯಿಗೆ ಮೋಸ ಮಾಡ್ತೀಯಲ್ಲಕ್ಕಾ!"

"ಅದಕ್ಕೆ ಸಮಾಧಾನ ಕಣೋ. ನಿಂಗೇನು ಗೊತ್ತು ದನದ ವಿಷ್ಯ?"

ಮಾವ ಕೇಳಲಿಲ್ಲ. ಹುಲ್ಲಿನ ಕರುವನ್ನು ಮಗುವಿನಂತೆ ಎತ್ತಿಕೊಂಡು ಹೋಗಿ ಹೂತುಬಿಟ್ಟ. ಹಸು ಎರಡು ದಿನ ಒಂದೇ ಸಮ ಕೂಗಿತು. ಮೇವು ಮುಟ್ಟಲಿಲ್ಲ. ಕೆಚ್ಚಲು ಕಲ್ಲಾಯಿತು. ಡಾಕ್ಟರು ತಲೆಯಾಡಿಸಿ, "ಹಾಲು ಇಳಿಸ್ದೇ ಇದ್ರೆ ಹಸು ಉಳಿಯೋದು ಕಷ್ಟ" ಎಂದರು. ಅಮ್ಮ ಸೀದಾ ತಮ್ಮನ ಮನೆಗೆ ಹೋಗಿ ಬಾಗಿಲಲ್ಲೇ ನಿಂತಳು.

"ನಿನ್ನ ದಯೆ ಹೆಂಗೈತೆ ಬಂದು ನೋಡು. ಅದಕ್ಕಿದ್ದಿದ್ದೇ ಅದೊಂದು, ಅದನ್ನೂ ಕಿತ್ಕೊಂಡೆಯಲ್ಲೋ."

ಮಟಮಟ ಮಧ್ಯಾಹ್ನ ಮಾವ ಬಂದ. ಹುಲ್ಲಿನ ಕರು ನಿಂತಿದ್ದ ಜಾಗದಲ್ಲಿ ಪೆಟ್ಟಿಗೆ ಇಟ್ಟು ಕೂತ. ಮೊದಲು ಉಸಿರು. ಆಮೇಲೆ ಕರು. ಅಮ್ಮನ ಕೈಯಿಂದ ಬಕೆಟ್ ಜಾರಿ ಉರುಳಿತು. ಹಸು ಥಟ್ಟನೆ ಸುಮ್ಮನಾಯಿತು. ಹಗ್ಗ ಬಿಗಿಯುವವರೆಗೂ ಮುಂದೆ ಬಂದು, ಮಾವನ ಬೋಳು ತಲೆಯನ್ನು ನೆಕ್ಕತೊಡಗಿತು. ಯಾರೂ ಮುಟ್ಟದೆಯೇ ಹಾಲು ತೊಟ್ಟಿಕ್ಕಿತು. ಅಮ್ಮ ಬಕೆಟ್ ಎತ್ತಿಕೊಂಡು ಕೆಚ್ಚಲ ಕೆಳಗೆ ಹಿಡಿದಳು.

ಅಲ್ಲಿಂದ ದಿನಕ್ಕೆರಡು ಹೊತ್ತು, ಹನಿ ಹಾಲು ಮುಟ್ಟದ ಮಾವ ಹಾಲು ಕರೆಸಲು ಬರತೊಡಗಿದ! ಬಿಡುತ್ತೇನೆಯೇ ನಾನು?

"ಏನ್ ಮಾವ, ಡೇರಿಗೆ ಸೇರ್ಬಿಟ್ಟೆ?"

ಮಾವ ನಗಲಿಲ್ಲ. "ನಾನು ಕರು ಅಲ್ಲ ಅಂತ ಅವಳಿಗೆ ಗೊತ್ತು ಕಣೋ. ಆ ಹುಲ್ಲಿಂದೂ ಅಲ್ಲ ಅಂತ ಗೊತ್ತಿತ್ತು. ಗೊತ್ತಿಲ್ದೇ ಇದ್ದಿದ್ದು ನಂಗೊಬ್ಬನಿಗೇ."

ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಮಾವ ನುಡಿಸಿದ. ಹಸು ಕಿವಿಯನ್ನೂ ಅಲ್ಲಾಡಿಸದೆ ಮೇವು ಮೆಲ್ಲುತ್ತಲೇ ಇತ್ತು. ಅಮ್ಮ ಕೆಚ್ಚಲಿಗೆ ಕೈ ಹಾಕಿದಳು. ಹಾಲು ತಾನಾಗಿ ಇಳಿಯಿತು.

"ಮರೀತು ಬಿಡಪ್ಪಾ, ಬದುಕ್ಕೊಂತು. ಇನ್ಮೇಲೆ ನೀನು ಬರೋದು ಬೇಡ" ಎಂದು ಅಮ್ಮ ಸಂತೋಷದಿಂದ ಬಕೆಟ್ ಎತ್ತಿಕೊಂಡು ಒಳಗೆ ಹೋದಳು.

ಮಾವ ಏಳಲಿಲ್ಲ. ತಿದಿ ಮುಚ್ಚಿ, ಅದರ ಮೇಲೆ ಕೈ ಇಟ್ಟುಕೊಂಡು ಕೂತೇ ಇದ್ದ. ಕಣ್ಣಲ್ಲಿ ನೀರು.

"ಒಳ್ಳೇದೇ ಆಯ್ತು ಅಳಿಯ. ಆದ್ರೆ ತಾಯಿಗೂ ಮರ್ತೋಯ್ತು ನೋಡು. ಇನ್ನು ಅದರ ದನಿ ಗೊತ್ತಿರೋನು ಭೂಮಿ ಮೇಲೆ ನಾನೊಬ್ನೇ."

ಇಷ್ಟು ವರ್ಷ ಇವನನ್ನು ಗೇಲಿ ಮಾಡಿಕೊಂಡೇ ಬಂದ ನಾನು ಸೆಗಣಿ, ಗಂಜಲ ಏನನ್ನೂ ನೋಡದೆ ಅವನ ಪಕ್ಕದಲ್ಲಿ ಕೂತೆ.

"ಇನ್ನೊಂದ್ಸಲ ನುಡ್ಸು ಮಾವ" ಎಂದೆ. "ನಾನೂ ಕಲ್ತ್ಕೊಳ್ತೀನಿ."