ಲಿಲ್ಲಿಯ ಮೊಣಕಾಲಿಗೊಂದು ಸ್ಕ್ರೂಡ್ರೈವರ್

ಒಂದು ಸ್ಕ್ರೂಡ್ರೈವರ್ ಆರಿಸಿ ತರಲು ಎಷ್ಟು ಬುದ್ಧಿ ಬೇಕು? ನನ್ನಲ್ಲಿರುವುದು ಧಾರಾಳ ಸಾಕು ಎಂದು ನಾನು ನಂಬಿದ್ದೆ. ಆಗ ನಾನು ಮಂಗಳೂರಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಪತ್ರ ಬರೆಯುವ ಗುಮಾಸ್ತ. ‘ತಮ್ಮ ಕೃಪಾಪತ್ರ ತಲುಪಿ ಸಕಲ ವಿಷಯ ತಿಳಿಯಿತು’ ಎಂದು ದಿನವಿಡೀ ಬರೆಯುವವನಿಗೆ ತಿಳಿಯದ ವಿಷಯ ಯಾವುದಿದ್ದೀತು!

ಸ್ಕ್ರೂಡ್ರೈವರ್ ಬೇಕಾಗಿದ್ದುದು ನನ್ನ ಹೆಂಡತಿ ಲಿಲ್ಲಿಯ ಕಾಲಿಗೆ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಅವಳ ಎಡಗಾಲು ಸೋತಿತ್ತು. ಸೀರೆಯ ಒಳಗೆ ತೊಡೆಯಿಂದ ಬೂಟಿನ ತನಕ ಎರಡು ಕಬ್ಬಿಣದ ಪಟ್ಟಿಗಳ ಕ್ಯಾಲಿಪರ್ ಕಟ್ಟಿಕೊಂಡು ನಡೆಯುತ್ತಿದ್ದಳು. ಮೊಣಕಾಲಿನ ಹತ್ತಿರ ಆ ಪಟ್ಟಿಗಳಿಗೆ ಬಾಗಿಲಿನ ಹಾಗೆ ಕೀಲು ಇತ್ತು. ನಡೆಯುವಾಗ ಅದು ನೆಟ್ಟಗೆ ನಿಲ್ಲಬೇಕು. ಕೂರುವಾಗ ಒಂದು ಬಳೆಯನ್ನು ಮೇಲಕ್ಕೆ ಸರಿಸಿದರೆ ಮಡಚಬೇಕು. ಉರ್ವದ ನಮ್ಮ ಬಾಡಿಗೆ ಮನೆಯಿಂದ ಅವಳು ಪಾಠ ಮಾಡುವ ಶಾಲೆಗೆ ಹೋಗಿ ಬರುವಷ್ಟರಲ್ಲಿ ಕೀಲಿನ ಸ್ಕ್ರೂಗಳು ಸಡಿಲಾಗಿ ಕಿಟಿಕಿಟಿ ಎನ್ನುತ್ತಿದ್ದವು. ದಿನಾ ಸಂಜೆ ಲಿಲ್ಲಿ ಮೀನು ಕೊಯ್ಯುವ ಚೂರಿಯ ತುದಿಯಿಂದ ಅವುಗಳನ್ನು ಬಿಗಿ ಮಾಡುತ್ತಿದ್ದಳು. ಹೀಗಾಗಿ ಕ್ಯಾಲಿಪರಿಗೆ ಬಂಗುಡೆಯ ವಾಸನೆ ಹಿಡಿದು, ಪ್ರತಿದಿನ ಎರಡು ಬೆಕ್ಕುಗಳು ಅವಳನ್ನು ಶಾಲೆಯ ಗೇಟಿನವರೆಗೆ ಬಿಟ್ಟು ಬರುತ್ತಿದ್ದವು.

“ನನ್ನ ಕ್ಲಾಸಿನಲ್ಲಿ ಮಕ್ಕಳಿಗಿಂತ ಬೆಕ್ಕುಗಳ ಹಾಜರಿ ಒಳ್ಳೆಯದುಂಟು” ಎಂದು ಲಿಲ್ಲಿ ನಗುತ್ತಿದ್ದಳು. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಮದುವೆಯಾಗಿ ನಾಲ್ಕು ವರ್ಷವಾದರೂ ಹೆಂಡತಿಗೆ ಒಂದು ಸ್ಕ್ರೂಡ್ರೈವರ್ ಕೊಡಿಸದ ಗಂಡನನ್ನು ಲೋಕ ಏನೆಂದೀತು?

ಅಷ್ಟರಲ್ಲಿ ಗಿರಿಜಕ್ಕನ ಮಗಳ ಮದುವೆ ನಿಶ್ಚಯವಾಯಿತು. ಗಿರಿಜಕ್ಕ ಎಂದರೆ ಹೊಳೆಯಾಚೆಯ ಬೆಂಗ್ರೆಯಿಂದ ಬುಟ್ಟಿ ಹೊತ್ತು ನಮ್ಮ ಬೀದಿಗೆ ಮೀನು ತರುವ ಹೆಂಗಸು. ಅವಳ ಮಗಳು ಸುಮತಿ, ಉರ್ವದ ಅಜ್ಜಿಮನೆಯಲ್ಲಿದ್ದು ಲಿಲ್ಲಿಯ ಹತ್ತಿರ ಐದನೇ ಕ್ಲಾಸಿನವರೆಗೆ ಕಲಿತವಳು.

“ಟೀಚರ್ ಬಂದು ಮಲ್ಲಿಗೆ ಮುಡಿಸದೆ ತಾನು ಮಂಟಪಕ್ಕೆ ಬರುವುದೇ ಇಲ್ಲ ಅಂತಾಳೆ ಮಾರಾಯ್ರೆ” ಎಂದಳು ಗಿರಿಜಕ್ಕ, ಬುಟ್ಟಿ ಇಳಿಸುತ್ತಾ. “ದೋಣಿ ಹತ್ತಿ ಇಳಿಯಲಿಕ್ಕೆ ನಾವು ನಾಲ್ಕು ಜನ ಎತ್ತಿಕೊಳ್ತೇವೆ. ನೀವು ಹೂವಿನ ಹಾಗೆ ಬಂದರೆ ಸಾಕು.”

“ಬರ್ತೇನೆ. ಆದರೆ ಎತ್ತುವುದು ಬೇಡ” ಎಂದಳು ಲಿಲ್ಲಿ.

ಹನ್ನೊಂದು ವರ್ಷದವರೆಗೆ ಅವಳನ್ನು ಎಲ್ಲರೂ ಎತ್ತಿಕೊಂಡೇ ತಿರುಗಿದ್ದರಂತೆ. ಭಾನುವಾರದ ಪ್ರಾರ್ಥನೆಗೆ ಇಗರ್ಜಿಗೂ ಎತ್ತಿಕೊಂಡು, ಶಾಲೆಗೂ ಎತ್ತಿಕೊಂಡು. ಕ್ಯಾಲಿಪರ್ ಕಟ್ಟಿದ ದಿನವೇ ಅವಳು ‘ಇನ್ನು ಸಾಕು’ ಎಂದಿದ್ದಳು. ಆಮೇಲೆ ನನಗೂ ಆ ಅವಕಾಶ ಸಿಕ್ಕಿರಲಿಲ್ಲ.

ಮದುವೆಗೆ ಹೋಗುವ ಕ್ಯಾಲಿಪರಿಗೆ ಮೀನಿನ ಚೂರಿ ತಾಗಬಾರದು ಎಂದು ನಾನು ತೀರ್ಮಾನಿಸಿದೆ. ಹಿಂದಿನ ದಿನ ಸಂಜೆ ಬಂದರಿಗೆ ಹೊರಟೆ.

“ಒಂದು ಸ್ಕ್ರೂ ಬಿಚ್ಚಿ ಕೊಡ್ತೇನೆ, ಅಳತೆಗೆ ತಕ್ಕೊಂಡು ಹೋಗಿ” ಎಂದಳು ಲಿಲ್ಲಿ.

“ಅದೆಲ್ಲ ಕಣ್ಣಳತೆಯಲ್ಲೇ ಗೊತ್ತುಂಟು” ಎಂದೆ.

ಬಂದರಿನ ಹಾರ್ಡ್‌ವೇರ್ ಅಂಗಡಿಯ ಅದ್ರಾಮ ಬ್ಯಾರಿಗಳು ಮೊದಲು ಕೇಳಿದ್ದೇ, “ಎಷ್ಟು ದೊಡ್ಡ ಸ್ಕ್ರೂ ಸ್ವಾಮಿ?”

ನಾನು ಬೆರಳುಗಳ ನಡುವೆ ಜಾಗ ಬಿಟ್ಟು ತೋರಿಸಿದೆ. ಅವರು ಅದನ್ನೇ ನೋಡುತ್ತಾ, “ಇದು ಹಡಗಿನದ್ದಾ?” ಎಂದರು. ನಾನು ಬೆರಳುಗಳನ್ನು ಹತ್ತಿರ ತಂದೆ. “ಇದು ಕನ್ನಡಕದ್ದು.” ಹಡಗಿಗೂ ಕನ್ನಡಕಕ್ಕೂ ನಡುವೆ ನಾನು ಬಹಳ ಹೊತ್ತು ತೂಗಾಡಿದೆ.

ಅವರು ಮೂರು ತೆಗೆದಿಟ್ಟರು. ಮೊದಲನೆಯದು ಮರದ ಹಿಡಿಯ ಸಾದಾ ಸ್ಕ್ರೂಡ್ರೈವರ್. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದ್ದರಿಂದಲೇ ನನಗೆ ಹಿಡಿಸಲಿಲ್ಲ. ಎರಡನೆಯದು ಮೊಳದುದ್ದದ್ದು, ಒತ್ತಿದರೆ ತಾನೇ ಗಿರ್ರನೆ ತಿರುಗುವಂಥದ್ದು. ಒತ್ತಿದೆ. ಅದು ನನ್ನ ಕೈಯಿಂದ ಹಾರಿ ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ಗುರುವಾರಕ್ಕೆ ನಾಟಿತು! ಬ್ಯಾರಿಗಳು ಅದನ್ನು ಕಿತ್ತು ಒಳಗಿಟ್ಟರು.

ಮೂರನೆಯದು ಕೈಗೆ ಬಂದಾಗ ನನ್ನ ಮನಸ್ಸು ಕರಗಿತು. ಗುಂಡಗಿನ ಹಿಡಿ, ಹಿತ್ತಾಳೆಯ ಮುಚ್ಚಳ. ಹಿಡಿಯೊಳಗೆ ಬೇರೆಬೇರೆ ಅಳತೆಯ ಆರು ತುದಿಗಳು. ಅವುಗಳಿಗೆ ಬಿಟ್ ಎನ್ನುತ್ತಾರೆ. ಬೇಕಾದ ಬಿಟ್ ಸಿಕ್ಕಿಸಿಕೊಂಡರಾಯಿತು. ಅಳತೆಯ ಸಮಸ್ಯೆಯೇ ಇಲ್ಲ! ಮೇಲಾಗಿ, ಸ್ಕ್ರೂವಿನಿಂದ ತೆಗೆಯದೆಯೇ ಮಣಿಕಟ್ಟನ್ನು ಅತ್ತಿತ್ತ ಆಡಿಸಿದರೆ ಸಾಕು. ಒಂದು ಕಡೆಗೆ ಕೆಲಸ ಮಾಡುತ್ತದೆ, ಇನ್ನೊಂದು ಕಡೆಗೆ ‘ಟಿಕ್ ಟಿಕ್ ಟಿಕ್’ ಎಂದು ಹಾಗೇ ಹಿಂದೆ ಬರುತ್ತದೆ. ಆ ಶಬ್ದದಲ್ಲಿ ಒಳ್ಳೆಯ ಗಡಿಯಾರದ ಗಾಂಭೀರ್ಯವಿತ್ತು.

“ಇಲ್ಲಿ ಕುತ್ತಿಗೆಯಲ್ಲಿ ಒಂದು ಸಣ್ಣ ಗುಂಡಿ ಉಂಟು, ಅದು ಎಂತಕ್ಕೆ ಅಂದರೆ…” ಎಂದು ಬ್ಯಾರಿಗಳು ಶುರುಮಾಡಿದರು.

“ಗೊತ್ತುಂಟು, ಗೊತ್ತುಂಟು. ಕಟ್ಟಿ ಕೊಡಿ” ಎಂದೆ.

ಮದುವೆಯ ಬೆಳಿಗ್ಗೆ ಲಿಲ್ಲಿ ಸ್ನಾನಕ್ಕೆ ಹೋದಾಗ ಮಂಚದ ಮೇಲೆ ನೆಟ್ಟಗೆ ಮಲಗಿದ್ದ ಕ್ಯಾಲಿಪರಿನ ಕೀಲುಗಳನ್ನು ನಾನು ಬಿಗಿ ಮಾಡಿದೆ. ಟಿಕ್ ಟಿಕ್ ಟಿಕ್. ಎಂಥ ಸುಖ! ಒಂದು ಸುತ್ತು ಸಾಕಾಗಿತ್ತು. ಶಬ್ದದ ಆಸೆಗೆ ಇನ್ನೂ ನಾಲ್ಕು ಸುತ್ತು ಹಾಕಿದೆ. ಲಿಲ್ಲಿ ಕಾಲು ಚಾಚಿಕೊಂಡು ಅದನ್ನು ಕಟ್ಟಿ, ಬಿಸ್ಕಿಟ್ ಬಣ್ಣದ ರೇಷ್ಮೆ ಸೀರೆ ಉಟ್ಟು, ಕಾಫಿ ಕುಡಿಯಲು ಕುರ್ಚಿಯ ಹತ್ತಿರ ಬಂದು ಬಳೆ ಸರಿಸಿದಳು. ಮೊಣಕಾಲು ಮಡಚಲಿಲ್ಲ.

“ಇದಕ್ಕೆ ಎಂತ ಮಾಡಿದ್ದೀರಿ?”

“ಭದ್ರಪಡಿಸಿದ್ದೇನೆ” ಎಂದೆ.

“ಸಿಮೆಂಟ್ ಹಾಕಿದ ಹಾಗೆ ಭದ್ರ ಆಗಿದೆ. ಸ್ವಲ್ಪ ಸಡಿಲ ಮಾಡಿ.”

ನಾನು ಮಂಡಿಯೂರಿ ಕೂತೆ. ಸಡಿಲ ಮಾಡಲು ಎಡಕ್ಕೆ ತಿರುಗಿಸಬೇಕೆಂಬುದು ಗೊತ್ತಿತ್ತು. ತಿರುಗಿಸಿದೆ. ಟಿಕ್ ಟಿಕ್ ಟಿಕ್! ಎಷ್ಟು ಸಲೀಸು! ಕೈ ಬಲಕ್ಕೆ ಮರಳುವಾಗ ಮಾತ್ರ ತುಸು ಬಿಗಿ. ಹತ್ತು ನಿಮಿಷ ಬೆವರು ಸುರಿಸಿ ಸಡಿಲ ಮಾಡಿದ ಮೇಲೆ ನೋಡಿದರೆ ಮೊದಲು ಸ್ವಲ್ಪವಾದರೂ ಅಲುಗುತ್ತಿದ್ದ ಕೀಲು ಈಗ ಕಲ್ಲಾಗಿತ್ತು. ಚೂರಿ ತಂದು ಒತ್ತಿದೆವು. ಚೂರಿಯ ತುದಿ ಮುರಿಯಿತು.

ಲಿಲ್ಲಿ ಗೋಡೆಯ ಗಡಿಯಾರ ನೋಡಿದಳು. ಅವಳ ಮುಖ ಮೊದಲ ಸಲ ಸಣ್ಣದಾಯಿತು. “ಮುಹೂರ್ತಕ್ಕೆ ಹೆಚ್ಚು ಹೊತ್ತಿಲ್ಲ. ಆ ಹುಡುಗಿ ಕಾಯ್ತಾಳೆ. ಹೀಗೇ ಹೋಗುವ.”

ಬಸ್ಸಿನಲ್ಲಿ ಅವಳು ನಿಂತೇ ಬಂದಳು. ಒಬ್ಬರು ಎದ್ದು ಸೀಟು ಕೊಟ್ಟರೆ, “ಇವರು ಕೂರ್ತಾರೆ” ಎಂದು ನನ್ನನ್ನು ತೋರಿಸಿದಳು. ನಾನು ಕೂರಲಿಲ್ಲ. ಅಷ್ಟು ಮರ್ಯಾದೆ ನನ್ನಲ್ಲಿ ಉಳಿದಿತ್ತು.

ದೋಣಿ ಕಟ್ಟುವ ಬಂದರಿನ ಕಟ್ಟೆಯಲ್ಲಿ, ಅಂದರೆ ಧಕ್ಕೆಯಲ್ಲಿ, ದೋಣಿ ಮೆಟ್ಟಿಲಿನ ಮಟ್ಟಕ್ಕೇ ಇದ್ದುದರಿಂದ, ನನ್ನ ಹೆಗಲು ಹಿಡಿದು ಹೇಗೋ ಹತ್ತಿದಳು. ಹಲಗೆಯ ಮೇಲೆ ಕೂತಾಗ ಎಡಗಾಲು ದೋಣಿಯ ನಡುವೆ ಅಡ್ಡಕ್ಕೆ ಚಾಚಿಕೊಂಡಿತು. ಜನ ಬಹಳ ಸಹಕರಿಸಿದರು. ಒಬ್ಬ ಅಜ್ಜ ಕಂಬವೆಂದು ತಿಳಿದು ಅದಕ್ಕೆ ಕೊಡೆ ಒರಗಿಸಿದರು. ಒಬ್ಬಾಕೆ ಕೇಳಿಯೇ ನುಗ್ಗೆಕೋಡಿನ ಕಟ್ಟು ಇಟ್ಟಳು. “ಇನ್ನು ಯಾರದ್ದಾದರೂ ಉಂಟಾ?” ಎಂದು ಲಿಲ್ಲಿ ಕೇಳಿದಾಗ ದೋಣಿಗೆ ದೋಣಿಯೇ ನಕ್ಕಿತು. ನಾನು ಬೇರೆ ಕಡೆ ನೋಡಿದೆ.

ಬಿಟ್ ಬದಲಾಯಿಸಿದರೆ ಸರಿಹೋದೀತು ಎಂಬ ಜ್ಞಾನೋದಯ ನನಗಾದದ್ದು ಹೊಳೆಯ ನಡುವೆ. ಜೇಬಿನಲ್ಲಿ ತಂದಿದ್ದ ಸ್ಕ್ರೂಡ್ರೈವರಿನ ಹಿತ್ತಾಳೆ ಮುಚ್ಚಳ ತೆಗೆದೆ. ಹಿಡಿ ತಲೆಕೆಳಗಾಗಿತ್ತು. ದೋಣಿಯ ಅಂಚು ಪಕ್ಕದಲ್ಲೇ ಇತ್ತು. ಬುಳುಕ್, ಬುಳುಕ್, ಬುಳುಕ್, ಬುಳುಕ್, ಬುಳುಕ್! ಸಿಕ್ಕಿಸಿದ್ದ ಒಂದನ್ನು ಬಿಟ್ಟು ಉಳಿದ ಐದೂ ಬಿಟ್‌ಗಳು ಸಮುದ್ರದ ದಾರಿ ಹಿಡಿದವು.

ದೋಣಿಯವನು ಹುಟ್ಟು ನಿಲ್ಲಿಸಿ ನನ್ನನ್ನು ನೋಡಿದ. “ಮೀನಿಗೆ ಎಂತಕ್ಕೆ ಸ್ವಾಮಿ ಅದು?”

ಬೆಂಗ್ರೆಯಲ್ಲಿ ಧಕ್ಕೆ ಇರಲಿಲ್ಲ. ದೋಣಿ ಮೊಣಕಾಲುದ್ದ ನೀರಿನಲ್ಲಿ ನಿಂತಿತು. ಅಂಚು ದಾಟಿ ನೀರಿಗಿಳಿಯಬೇಕು. ಗಿರಿಜಕ್ಕ ಮದುವೆಯ ಸೀರೆಯಲ್ಲೇ ನೀರಿಗಿಳಿದು ಬಂದಳು. ಹಿಂದೆ ಮೂವರು ಹೆಂಗಸರು ಒಂದು ಕುರ್ಚಿ ಹೊತ್ತಿದ್ದರು.

“ಕೂತುಕೊಳ್ಳಿ ಟೀಚರ್. ಎತ್ತಿಕೊಂಡು ಹೋಗ್ತೇವೆ.”

ಲಿಲ್ಲಿ ಕುರ್ಚಿಯನ್ನು ನೋಡಿದಳು. ನಗು ನಿಂತಿತು. ಅವಳ ಕಣ್ಣಲ್ಲಿ ನೀರು ತುಂಬಿದ್ದನ್ನು ನಾಲ್ಕು ವರ್ಷಗಳಲ್ಲಿ ನಾನು ಕಂಡದ್ದು ಅದೇ ಮೊದಲು. ಆ ಕಣ್ಣೀರು ತಂದಿಟ್ಟವನು ನಾನು. ಆ ಹೊಳೆ ಇನ್ನೂ ಸ್ವಲ್ಪ ಆಳವಿದ್ದಿದ್ದರೆ ಹಾರಿಬಿಡುತ್ತಿದ್ದೆ.

“ಗಿರಿಜಕ್ಕ, ಸೆರಗು ಸ್ವಲ್ಪ ಅಡ್ಡ ಹಿಡೀತೀರಾ?” ಎಂದಳು ಲಿಲ್ಲಿ. ಆಮೇಲೆ ನನ್ನ ಕಡೆ ಕೈಚಾಚಿದಳು. “ಅದನ್ನು ಕೊಡಿ ಇಲ್ಲಿ.”

ಕೊಟ್ಟೆ. ಸೆರಗಿನ ಮರೆಯಲ್ಲಿ ಅವಳು ಆ ಸ್ಕ್ರೂಡ್ರೈವರನ್ನು, ದಡ್ಡ ಮಗುವಿನ ಸ್ಲೇಟು ನೋಡುವಂತೆ, ತಿರುಗಿಸಿ ತಿರುಗಿಸಿ ನೋಡಿದಳು. ಹೆಬ್ಬೆರಳಿನಿಂದ ಕುತ್ತಿಗೆಯ ಗುಂಡಿಯನ್ನು ಇನ್ನೊಂದು ಕಡೆಗೆ ತಳ್ಳಿದಳು. ಸ್ಕ್ರೂವಿಗೆ ಇಟ್ಟು, ಹಲ್ಲು ಕಚ್ಚಿ ಒಮ್ಮೆ ತಿರುಗಿಸಿದಳು. ಕಿರ್ ಎಂದಿತು. ಆಮೇಲೆ ಟಿಕ್ ಟಿಕ್ ಟಿಕ್. ಇನ್ನೊಂದು ಪಟ್ಟಿಯ ಸ್ಕ್ರೂವಿಗೂ ಹಾಗೆಯೇ. ಬಳೆ ಸರಿಸಿದಳು.

ಮೊಣಕಾಲು ಮಡಚಿತು!

ದೋಣಿಯ ಅಂಚಿನಲ್ಲಿ ಕೂತು, ಎರಡೂ ಕಾಲುಗಳನ್ನು ಹೊರಗೆ ಹಾಕಿ, ಬೂಟು ಸಮೇತ ನೀರಿಗಿಳಿದಳು. ಬಳೆಯನ್ನು ಮತ್ತೆ ಕೆಳಗೆ ಸರಿಸಿ, ಗಿರಿಜಕ್ಕನ ಹೆಗಲ ಮೇಲೆ ಬರೀ ಒಂದು ಕೈ ಇಟ್ಟು, ಮರಳಿನ ಮೇಲೆ ತಾನೇ ನಡೆದು ಹೋದಳು. ನೆನೆದ ರೇಷ್ಮೆ ಸೀರೆಯಲ್ಲಿ, ಒಮ್ಮೆಯೂ ಹಿಂದೆ ನೋಡದೆ. ನಾನು ಬಾಯಿ ತೆರೆದು ನೋಡುತ್ತಾ ಇಳಿಯಲು ಹೋಗಿ ಹಗ್ಗಕ್ಕೆ ಕಾಲು ಸಿಕ್ಕಿಸಿಕೊಂಡೆ. ಕುರ್ಚಿ ಹೇಗೂ ಖಾಲಿ ಇತ್ತು. ಮೂವರು ಹೆಂಗಸರು ನನ್ನನ್ನು ಅದರಲ್ಲಿ ಕೂರಿಸಿ ಎತ್ತಿಕೊಂಡು ಹೋದರು!

ಸುಮತಿ ಮಲ್ಲಿಗೆ ಮುಡಿಸಿಕೊಂಡಳು. ಟೀಚರ ಕೈ ಹಿಡಿದು ಅತ್ತಳು, ನಕ್ಕಳು, ಮಂಟಪಕ್ಕೆ ಹೋದಳು. ಊಟದ ಹೊತ್ತಿಗೆ ದೋಣಿಯ ಸುದ್ದಿ ಮದುವೆಮನೆಯೆಲ್ಲ ಹಬ್ಬಿತ್ತು. ಒಬ್ಬರು ಹೊಲಿಗೆ ಮೆಷಿನಿನ ತಲೆ ತಂದರು, ಇನ್ನೊಬ್ಬರು ಅಲುಗಾಡುವ ಟಾರ್ಚು. ಇದ್ದ ಒಂದೇ ಬಿಟ್‌ನಲ್ಲಿ ಲಿಲ್ಲಿ ಎರಡನ್ನೂ ಸರಿಮಾಡಿದಳು. ನನಗೆ ಇನ್ನೊಂದು ಸೌಟು ಪಾಯಸ ಬಡಿಸಿದರು. ಅನುಕಂಪದಿಂದ ಎಂದು ಕಾಣುತ್ತದೆ.

ಮರಳುವ ದೋಣಿಯಲ್ಲಿ ಅವಳು ಮೊಣಕಾಲು ಮಡಚಿ ನನ್ನ ಪಕ್ಕದಲ್ಲಿ ಕೂತಿದ್ದಳು. ನಾನು ಧೈರ್ಯ ಮಾಡಿ ಕೇಳಿದೆ, “ಆ ಗುಂಡಿ ಅದಕ್ಕೆಂದೇ ಇರುವುದು ಅಂತ ನಿನಗೆ ಹೇಗೆ ಗೊತ್ತಾಯಿತು?”

“ಅದರ ಪಕ್ಕದಲ್ಲಿ ಎರಡು ಬಾಣದ ಗುರುತು ಉಂಟಲ್ಲ, ಒಂದು ಎಡಕ್ಕೆ, ಒಂದು ಬಲಕ್ಕೆ. ಗುಂಡಿ ಬಲಕ್ಕಿದ್ದರೆ ಬಿಗಿ ಮಾತ್ರ ಆಗ್ತದೆ, ಎಡಕ್ಕೆ ತಳ್ಳಿದರೆ ಸಡಿಲ. ನೋಡಿದೆ” ಎಂದಳು. ಆಮೇಲೆ, “ಒಳ್ಳೆಯದನ್ನೇ ಆರಿಸಿದ್ದೀರಿ” ಎಂದು ನನ್ನ ಕೈ ಮೇಲೆ ಕೈ ಇಟ್ಟಳು. ನನಗೆ ಅಷ್ಟು ಸಾಕಾಯಿತು.

ಸ್ಕ್ರೂಡ್ರೈವರ್ ಅವಳ ಶಾಲೆಯ ಚೀಲಕ್ಕೆ ಸೇರಿತು. ಆಮೇಲೆ ಉರ್ವದ ನಮ್ಮ ಬೀದಿಯವರು ರೇಡಿಯೋ, ಕೊಡೆ, ಬೀಗ ಹಿಡಿದುಕೊಂಡು ಬಾಗಿಲಿಗೆ ಬಂದು ಕೇಳುವುದು ವಾಡಿಕೆಯಾಯಿತು, “ಟೀಚರ್ ಇದ್ದಾರಾ?”

“ಇಲ್ಲ, ಶಾಲೆಯಿಂದ ಬಂದಿಲ್ಲ. ನಾನಿದ್ದೇನಲ್ಲ, ಎಂತ ಆಗಬೇಕಿತ್ತು?” ಎನ್ನುತ್ತೇನೆ ನಾನು, ಬಹಳ ಉತ್ಸಾಹದಿಂದ.

ಅವರು ತಂದದ್ದನ್ನು ಎದೆಗವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. “ಎಂತ ಇಲ್ಲ. ಅವಸರ ಇಲ್ಲ. ನಾವು ಮತ್ತೆ ಬರ್ತೇವೆ.”